ಸರಿಯಾದ ಪುಸ್ತಕ ಸಿಗುವ ತನಕ

ಸ್ನಾನ ಮಾಡುವುದಿಲ್ಲ ಎಂದು ಹಟ ಹಿಡಿದ ಕರಡಿಮರಿಯೊಂದರ ಚಿತ್ರಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಇದನ್ನು ಓದಿಕೊಂಡು ಬಾ, ಆಮೇಲೆ ಮಾತಾಡೋಣ ಎಂದರು ಅವರು. ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಕೋಲಾರದ ಒಂದು ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಿದ್ದವಳು. ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ನಮ್ಮ ಕಡೆಯ ನರ್ಸುಗಳನ್ನು ತೆಗೆದುಕೊಳ್ಳುತ್ತಾರೆ, ಆದರೆ ಭಾಷೆ ಬರಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿ ಕ್ಯಾಲನೂರಿನಿಂದ ಬಸ್ಸು ಹತ್ತಿ ಅವರ ಜಪಾನಿ ತರಗತಿಗೆ ಬಂದಿದ್ದೆ. ಬರುವಾಗ ನನ್ನದೇ ಒಂದು ದಪ್ಪ ಪುಸ್ತಕ ತಂದಿದ್ದೆ. ಬೆಂಗಳೂರಿನಿಂದ ತರಿಸಿಕೊಂಡದ್ದು, ಇಂಗ್ಲಿಷಿನಲ್ಲಿ ಜಪಾನಿ ಕಲಿಸುವಂಥದ್ದು. ಅವರು ಅದನ್ನು ತೆರೆದು ಮೊದಲ ಪಾಠ ನೋಡಿದರು. ಇದು ಪೆನ್ನು, ಅದು ಮೇಜು ಎಂದಿತ್ತು.

"ಯಾರಮ್ಮಾ ಯಾರಿಗೆ ಇದು ಪೆನ್ನು ಅಂತ ಹೇಳ್ತಾರೆ? ಇಬ್ರಿಗೂ ಕಣ್ಣಿದೆ ತಾನೆ," ಎಂದರು. ಪುಸ್ತಕವನ್ನು ಮುಚ್ಚಿ, ಧೂಳಿಲ್ಲದಿದ್ದರೂ ಅಂಗೈಯಿಂದ ಒರೆಸಿ, ನನಗೆ ವಾಪಸು ಕೊಟ್ಟರು.

ಹೋದ ಮಾವಿನ ಕಾಲದಲ್ಲಿ ಅವರು ತೀರಿಕೊಂಡರು. ನಾನಾಗ ಜಪಾನಿನ ಕಡಲತೀರದ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸದಲ್ಲಿದ್ದೆ. ಮಧ್ಯಾಹ್ನದ ಊಟ ಕೊಡುವ ಹೊತ್ತಿನಲ್ಲಿ, ನನ್ನ ಜೊತೆ ಅವರ ಹತ್ತಿರ ಕಲಿತ ಮುಳಬಾಗಿಲಿನ ನಸ್ರೀನಳಿಂದ ಸಂದೇಶ ಬಂತು. ಶ್ರೀನಿವಾಸಪುರದ ಮನೆಯಲ್ಲಿ, ಬೆಳಿಗ್ಗೆ ಕಾಫಿ ಕುಡಿದು, ಎದೆ ಹಿಡಿದಂತಾಗುತ್ತಿದೆ ಎಂದರಂತೆ. ಆಸ್ಪತ್ರೆ ಸೇರುವಷ್ಟರಲ್ಲಿ ಆಗಿಹೋಗಿತ್ತಂತೆ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮಗೆ ಅವರು ಬರೀ ಸಾರ್. ಜಪಾನಿ ಪದ್ಧತಿಯಂತೆ ಸೆನ್ಸೇ, ಅಂದರೆ ಗುರುಗಳೇ, ಎಂದು ಕರೆದರೆ, ಆ ಮಾತಿಗೆ ನಾನಿನ್ನೂ ಸಾಲದವನು ಎಂದು ಕೈ ಅಲ್ಲಾಡಿಸುತ್ತಿದ್ದರು. ಅದು ವಿನಯದ ಮಾತು ಎಂದುಕೊಂಡಿದ್ದೆವು. ಅವರು ನಿಜವಾಗಿಯೂ ಹಾಗೇ ನಂಬಿದ್ದರು ಎಂಬುದು ತಿಳಿದದ್ದು ಬಹಳ ತಡವಾಗಿ.

ಕೋಲಾರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ತರಗತಿ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಸದಾ ಬರುತ್ತಿತ್ತು. ಸಾರ್ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಹೆಗಲಿಗೆ ಟಿಫನ್ ಕ್ಯಾರಿಯರಿನ ಚೀಲ, ಇನ್ನೊಂದಕ್ಕೆ ಪುಸ್ತಕದ ಚೀಲ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು. ಮಾತಿಗೆ ತೆಲುಗಿನ ಎಳೆತ. ನಮ್ಮ ಕಡೆ ಅದು ಯಾರಿಗೂ ಗಮನಕ್ಕೆ ಬರುವಂಥದ್ದಲ್ಲ, ಆದರೆ ಅವರು ಆ ತೆಲುಗನ್ನೂ ಪಾಠಕ್ಕೆ ಹೂಡುತ್ತಿದ್ದರು.

ಇಂಗ್ಲಿಷ್ ದಾರಿ ಹಿಡಿದು ಜಪಾನಿಗೆ ಹೋಗಬೇಡಿ, ಸುತ್ತು ದಾರಿ ಅದು ಎಂದು ಹೇಳುತ್ತಿದ್ದರು. ತಿಂದು ನೋಡು, ಮಾಡಿ ನೋಡು ಎನ್ನುತ್ತೇವಲ್ಲ. ಅಲ್ಲಿ ಕಣ್ಣಿನಿಂದ ನೋಡುವುದೇನೂ ಇಲ್ಲ. ತೆಲುಗಿನಲ್ಲೂ ಚೇಸಿ ಚೂಡು. ಜಪಾನಿನವರೂ ಹಾಗೇ ಮಾಡಿ-ನೋಡು ಎಂದು ಎರಡು ಕ್ರಿಯಾಪದ ಕೂಡಿಸಿಯೇ ಹೇಳುತ್ತಾರೆ. ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಎರಡು ಪುಟದ ವಿವರಣೆ ಇತ್ತು. ಸಾರ್ ಒಂದು ಸಾಲು ಹೇಳಿ ಮುಂದೆ ಹೋದರು. ಮನೆಯಿಂದ ಹೊರಡುವಾಗ ನಾವು ಹೋಗ್ತೀನಿ ಎನ್ನುವುದಿಲ್ಲ, ಹೋಗಿ ಬರ್ತೀನಿ ಎನ್ನುತ್ತೇವೆ. ಜಪಾನಿನವರು ಹೇಳುವುದೂ ಅದೇ, ಹೋಗಿ ಬರ್ತೀನಿ. ಇದನ್ನು ಹೇಳಿದ ದಿನ ದೂರದ, ಹೆದರಿಕೆಯ ದೇಶ ಒಂದು ಗಳಿಗೆ ಪಕ್ಕದ ತಾಲ್ಲೂಕಿನಂತೆ ಕಂಡಿತು.

ಸಾರ್ ಜಪಾನಿ ಕಲಿತದ್ದು ಮಾಲೂರಿನ ಕಾರ್ಖಾನೆಯೊಂದರಲ್ಲಿ. ತಗಡನ್ನು ಒತ್ತಿ ಗಾಡಿಯ ಭಾಗಗಳನ್ನು ಮಾಡುವ ಪ್ರೆಸ್ ವಿಭಾಗದಲ್ಲಿ ಇದ್ದರು. ಯಂತ್ರ ಕೂರಿಸಲು ಜಪಾನಿನಿಂದ ಎಂಜಿನಿಯರುಗಳು ಬಂದಾಗ, ಅವರು ತಮ್ಮತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಾರೆ ಎಂಬ ಕುತೂಹಲಕ್ಕೆ ಶುರುವಾದದ್ದಂತೆ. ಆಮೇಲೆ ಅದು ಅವರನ್ನು ಬಿಡಲಿಲ್ಲ. ಭಾನುವಾರಗಳಲ್ಲಿ ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿನ ಹಳೆ ಪುಸ್ತಕದ ಅಂಗಡಿಗಳನ್ನು ಸುತ್ತುತ್ತಿದ್ದರು. ವಾಪಸು ಹೊರಟ ಎಂಜಿನಿಯರುಗಳ ಹತ್ತಿರ, ನೀವು ಒಯ್ಯದೆ ಬಿಡುವುದೇನಾದರೂ ಇದ್ದರೆ ಕೊಡಿ ಎಂದು ಕೇಳುತ್ತಿದ್ದರು. ಹಾಗೆ ಸೇರಿದ್ದು ಮಕ್ಕಳ ಪುಸ್ತಕಗಳು, ಹೆಂಗಸರ ಪತ್ರಿಕೆಗಳು, ಮಾತ್ರೆ ಡಬ್ಬಿಯೊಳಗಿನ ಚೀಟಿಗಳು, ಬಟ್ಟೆ ಒಗೆಯುವ ಯಂತ್ರದ ಕೈಪಿಡಿ. ಆ ಕೈಪಿಡಿಯನ್ನು ನನ್ನ ಮುಂದೆ ಹರಡಿ, ಬೇಡ ಅನ್ನೋದನ್ನ ಎಷ್ಟು ಥರ, ಎಷ್ಟು ಮರ್ಯಾದೆಯಿಂದ ಹೇಳಿದಾರೆ ನೋಡು, ನರ್ಸಿಗೆ ಇದೇ ಬೇಕಾಗಿರೋದು ಎಂದರು. ನಿಜವೇ. ಬಿಸಿ ಇದೆ ಮುಟ್ಟಬೇಡಿ, ಒದ್ದೆ ಇದೆ ಕಾಲಿಡಬೇಡಿ ಎಂಬುದನ್ನೆಲ್ಲ ನಾನು ಕಲಿತದ್ದು ಆ ಯಂತ್ರದಿಂದ.

ಸೀರಿಯಲ್ಲು ಸಿನಿಮಾಗಳ ವಿಷಯದಲ್ಲಿ ಅವರಷ್ಟು ನಿಷ್ಠುರ ಪರೀಕ್ಷಕರನ್ನು ನಾನು ಕಂಡಿಲ್ಲ. ಊಟ ಮಾಡುವ ದೃಶ್ಯ ಇರಬೇಕು. ಸಣ್ಣ ವಿಷಯಕ್ಕೆ ಜಗಳ ಇರಬೇಕು. ಜಗಳ ಆದಮೇಲೆ ಯಾರಾದರೂ ತಪ್ಪಾಯಿತು ಎನ್ನಬೇಕು. ಈ ಮೂರೂ ಇಲ್ಲದ್ದು ಎಷ್ಟೇ ಹೆಸರುವಾಸಿಯಾದರೂ ತರಗತಿಗೆ ಬರುತ್ತಿರಲಿಲ್ಲ. ಒಮ್ಮೆ ನಸ್ರೀನ್, ದೊಡ್ಡ ದೊಡ್ಡ ಪ್ರಶಸ್ತಿ ಪಡೆದ ಸಿನಿಮಾ ಎಂದು ಒಂದನ್ನು ಪೆನ್‌ಡ್ರೈವಿನಲ್ಲಿ ಹಾಕಿ ತಂದಳು. ಸಾರ್ ಪೂರ್ತಿ ನೋಡಿದರು, ಕಣ್ಣು ಒರೆಸಿಕೊಂಡರು ಕೂಡ. ಆಮೇಲೆ, ಸಿನಿಮಾ ಬಹಳ ಚೆನ್ನಾಗಿದೆ, ಆದರೆ ಎಲ್ಲರೂ ಕಿಟಕಿ ನೋಡುತ್ತಾ ಕೂತಿರುತ್ತಾರೆ, ನಿಮಗೆ ಬೇಕಾಗಿರುವುದು ಮಾತು ಎಂದು ವಾಪಸು ಕೊಟ್ಟರು. ಅವರು ನಮಗಾಗಿ ಆರಿಸಿದ್ದು ಯಾರೂ ಹೆಸರು ಕೇಳದ ಒಂದು ಹಳೆಯ ಸೀರಿಯಲ್ಲು. ಇಸ್ತ್ರಿ ಅಂಗಡಿ ನಡೆಸುವ ಅಕ್ಕತಂಗಿಯರ ಕಥೆ. ಅಕ್ಕ ಅಂಗಡಿಗೆ ಬಂದವರ ಹತ್ತಿರ ಒಂದು ಭಾಷೆ ಆಡುತ್ತಾಳೆ, ಪರದೆ ಸರಿಸಿ ಒಳಗೆ ಬಂದು ತಂಗಿಯ ಹತ್ತಿರ ಇನ್ನೊಂದು. ಅದೇ ಬಾಯಿ, ಅದೇ ಉಸಿರು. ಮರ್ಯಾದೆಯ ಮಾತು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದನ್ನು ಆ ಪರದೆ ನೋಡಿ ಕಲಿತುಕೊಳ್ಳಿ ಎನ್ನುತ್ತಿದ್ದರು.

ಲ್ಯಾಪ್‌ಟಾಪಿನ ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಬರುವ ಜಾಗಕ್ಕೆ ಹಳೆಯ ಮದುವೆ ಕಾಗದದ ಒಂದು ಪಟ್ಟಿಯನ್ನು ಕತ್ತರಿಸಿ ಅಂಟಿಸಿರುತ್ತಿದ್ದರು. ಯಾರದೋ ಮದುವೆಯ ಬಂಗಾರದ ಗಣಪತಿ, ಅದರ ಮೇಲೆ ಇಸ್ತ್ರಿ ಅಂಗಡಿಯ ಅಕ್ಕತಂಗಿಯರು. ಇವತ್ತಿಗೂ ಜಪಾನಿ ಸೀರಿಯಲ್ಲು ನೋಡುವಾಗ ನನ್ನ ಕಣ್ಣು ಕೆಳಗಡೆ ಗಣಪತಿಯನ್ನು ಹುಡುಕುತ್ತದೆ.

ಕತ್ತಿ ಹಿಡಿದು ಹಾರಾಡುವ ಕಾರ್ಟೂನುಗಳನ್ನು ಅವರು ತರಗತಿಗೆ ಸೇರಿಸುತ್ತಿರಲಿಲ್ಲ. ಅದಕ್ಕೆ ಕಾರಣ ಮುರಳಿ. ಲಕ್ಕೂರಿನ ಹುಡುಗ, ಡಿಪ್ಲೊಮಾ ಮಾಡಿ ಕಾರ್ಖಾನೆಯೊಂದಕ್ಕೆ ಸೇರಿದ್ದ. ನಮ್ಮೆಲ್ಲರಿಗಿಂತ ಮೊದಲೇ ಅವನಿಗೆ ಒಂದಷ್ಟು ಜಪಾನಿ ಬರುತ್ತಿತ್ತು, ಎಲ್ಲ ಆ ಕಾರ್ಟೂನುಗಳಿಂದ. ಒಂದು ದಿನ ಶಿಫ್ಟಿನಲ್ಲಿ ಜಪಾನಿನ ಮೇಲಧಿಕಾರಿ ಎದುರಾದಾಗ ಉತ್ಸಾಹದಿಂದ ಎರಡು ವಾಕ್ಯ ಹೇಳಿದ. ಆ ಮನುಷ್ಯ ಒಂದು ಹೆಜ್ಜೆ ಹಿಂದೆ ಸರಿದು, ಹೊರಟುಹೋದರಂತೆ. ಏನು ತಪ್ಪು ಹೇಳಿದೆ ಎಂದು ಮುರಳಿ ತರಗತಿಗೆ ಬಂದು ಕೇಳಿದ. ಸಾರ್ ಅವನಿಂದ ಆ ವಾಕ್ಯಗಳನ್ನು ಹೇಳಿಸಿದರು.

"ಮಾತೆಲ್ಲ ಸರಿಯಾಗೇ ಇದೆ ಕಣಪ್ಪಾ," ಎಂದರು. "ಆದ್ರೆ ನೀನು ಅವ್ರಿಗೆ, ಏನ್ಲಾ, ನಾನ್ಯಾರು ಅಂತ ತಿಳ್ಕೊಂಡಿದೀಯ, ಅಂತ ಕೇಳ್ಬಿಟ್ಟಿದೀಯ."

ಮುರಳಿಯನ್ನು ನೋಡಿ ಅವರು ನಗಲಿಲ್ಲ. ನಮ್ಮನ್ನೂ ನಗಗೊಡಲಿಲ್ಲ. ಮಾರನೆಯ ದಿನವೇ ಹೇಗೆ ತಪ್ಪಾಯಿತೆಂದು ಹೇಳಬೇಕು, ಯಾವ ಪದದಲ್ಲಿ, ಎಷ್ಟು ತಲೆ ಬಾಗಿಸಿ ಎಂದು ಅವನಿಗೆ ಅಭ್ಯಾಸ ಮಾಡಿಸಿದರು. ಅವನು ಹಾಗೇ ಮಾಡಿದ. ಆ ಅಧಿಕಾರಿ ತಮ್ಮ ಮಗನೂ ಅದೇ ಕಾರ್ಟೂನು ನೋಡುತ್ತಾನೆ ಎಂದು ಹೇಳಿ ಅವನ ಬೆನ್ನು ತಟ್ಟಿದರಂತೆ.

ಇಷ್ಟೆಲ್ಲ ಹುಡುಕಿ ಹುಡುಕಿ ನಮಗೆ ಕೊಟ್ಟವರು ತಮಗೆ ಮಾತ್ರ ಯಾವುದನ್ನೂ ಸಾಕು ಎಂದುಕೊಳ್ಳಲಿಲ್ಲ. ನಮಗೆ ಹೇಳುವಾಗ, ಕೈಗೆ ಸಿಕ್ಕಿದ್ದರಿಂದ ಶುರು ಮಾಡಿ, ಬಾಯಿ ಬಿಡಿ, ತಪ್ಪಾದರೆ ಆಗಲಿ. ಅವರ ವಿಷಯಕ್ಕೆ ಬಂದರೆ ಪ್ರತಿ ಪುಸ್ತಕದಲ್ಲೂ ಒಂದು ಕೊರತೆ. ಇದು ಹಳೇ ಕಾಲದ ಭಾಷೆ. ಇದು ಪೇಟೆಯವರ ಭಾಷೆ. ಇದರಲ್ಲಿ ಗಂಡಸರ ಮಾತಿಲ್ಲ. ಜಪಾನಿ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಮೇಲಿನದೊಂದಿದೆ. ಅದಕ್ಕೆ ಅವರು ಕೂರಬೇಕೆಂದು ನಾವು ಪ್ರತಿ ಸಲ ಹೇಳುತ್ತಿದ್ದೆವು. ಈ ಸಲ ಬೇಡ, ಓದುವ ಭಾಗಕ್ಕೆ ಒಂದು ಒಳ್ಳೆಯ ಪುಸ್ತಕ ಬರುತ್ತಿದೆಯಂತೆ, ಅದನ್ನು ನೋಡಿಕೊಂಡು ಕೂರುತ್ತೇನೆ ಎನ್ನುವರು. ಅವರು ಕಲಿಸಿದ ನಸ್ರೀನ್ ಆ ಪರೀಕ್ಷೆಗೆ ಕೂತು ಪಾಸಾದಳು. ಸಾರ್ ಎಲ್ಲರಿಗೂ ಮೈಸೂರುಪಾಕು ತಂದು ಹಂಚಿದರು. ಟೈಲರ್ ಸಾಹೇಬರಿಗೂ ಕೆಳಗೆ ಹೋಗಿ ತಾವೇ ಕೊಟ್ಟು ಬಂದರು. ಆ ಸಲವಾದರೂ ತಾವು ಕೂರುವ ಮಾತೆತ್ತಲಿಲ್ಲ.

ಜಪಾನಿಗೆ ಹೋಗುವ ಅವಕಾಶ ಅವರಿಗೆ ಒಮ್ಮೆ ಬಂದಿತ್ತು. ಇದನ್ನು ಅವರೇ ತರಗತಿಯಲ್ಲಿ ತಮಾಷೆಯಾಗಿ ಹೇಳಿದ್ದರು. ಕಾರ್ಖಾನೆಯಿಂದ ಒಂದಷ್ಟು ಕೆಲಸಗಾರರನ್ನು ಕೆಲವು ತಿಂಗಳ ತರಬೇತಿಗೆ ಕಳಿಸುವುದೆಂದಾಯಿತು. ಜೊತೆಗೆ ದುಭಾಷಿಯಾಗಿ ನೀವು ಹೋಗಿ ಎಂದು ಇವರನ್ನು ಕರೆದರು. ಅಲ್ಲಿಯ ಕಾರ್ಖಾನೆ ಇದ್ದ ಸೀಮೆಯಲ್ಲಿ ಮಾತಿನ ಧಾಟಿಯೇ ಬೇರೆ, ನಮ್ಮ ಕೋಲಾರದ ಕನ್ನಡಕ್ಕೂ ಧಾರವಾಡದ ಕನ್ನಡಕ್ಕೂ ಇರುವಷ್ಟು. ಅದಕ್ಕೊಂದು ಸರಿಯಾದ ಪುಸ್ತಕ ಹುಡುಕುತ್ತಾ ಕೂತೆ, ಮುಂದಿನ ಬ್ಯಾಚಿಗೆ ಹೋಗುತ್ತೇನೆ ಎಂದೆ, ಪುಸ್ತಕ ಸಿಗುವ ಹೊತ್ತಿಗೆ ಆ ಕೆಲಸಗಾರರೆಲ್ಲ ಹೋಗಿ ವಾಪಸೇ ಬಂದಿದ್ದರು ಎಂದರು. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಮುಂದಿನ ಬ್ಯಾಚು ಹೊರಡಲೇ ಇಲ್ಲ. ಕಂಪನಿ ಆಮೇಲೆ ಬೆಂಗಳೂರಿನಿಂದ ಬೇರೆ ದುಭಾಷಿಗಳನ್ನು ತೆಗೆದುಕೊಂಡಿತು.

ಅವರ ಕಿವಿಯ ವಿಷಯ ಮೊದಲು ಗಮನಿಸಿದ್ದು ನಸ್ರೀನ್. ಜಪಾನಿಯಲ್ಲಿ ಹ್ರಸ್ವ ದೀರ್ಘ ಬಹಳ ಮುಖ್ಯ. ಒಬಸಾನ್ ಎಂದರೆ ಚಿಕ್ಕಮ್ಮ, ಒಬಾಸಾನ್ ಎಂದರೆ ಅಜ್ಜಿ. ಕನ್ನಡದವರು ದೀರ್ಘ ತಪ್ಪಿದರೆ ನಾಚಿಕೆಗೇಡು ಎಂದು ಹೇಳಿ, ದೀರ್ಘ ಬಂದಲ್ಲೆಲ್ಲ ಗಾಳಿಯಲ್ಲಿ ದಾರ ಎಳೆದಂತೆ ಕೈ ಎಳೆಯುತ್ತಿದ್ದರು. ಒಂದು ದಿನ ಮುರಳಿ ಓದುವಾಗ ಅಜ್ಜಿಯರನ್ನೆಲ್ಲ ಚಿಕ್ಕಮ್ಮ ಮಾಡಿಬಿಟ್ಟ. ಸಾರ್ ಅವನ ಮುಖ ನೋಡುತ್ತಾ, ಸರಿ, ಸರಿ ಎಂದು ತಲೆಯಾಡಿಸುತ್ತಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನೆನಪಾದವು, ಸೀರಿಯಲ್ಲಿನ ದನಿ ತಿಂಗಳಿಂದ ತಿಂಗಳಿಗೆ ಜೋರಾಗುತ್ತಾ ಬಂದದ್ದು, ಟೈಲರ್ ಸಾಹೇಬರು ಮೆಟ್ಟಿಲ ಬುಡದಲ್ಲಿ ನಿಂತು ಸ್ವಲ್ಪ ಕಮ್ಮಿ ಮಾಡಿ ಮೇಷ್ಟ್ರೇ ಎಂದದ್ದು, ಅದೂ ಅವರಿಗೆ ಕೇಳದೇ ಹೋದದ್ದು.

ಹೇಗೆ ಹೇಳುವುದೆಂದು ನಮಗೆ ತಿಳಿಯಲಿಲ್ಲ. ಅವರೇ ಹೇಳಿದರು, ತಮ್ಮದೇ ರೀತಿಯಲ್ಲಿ. ಆ ದಿನದ ಪಾಠ, ಕನ್ನಡದ ಬಿಡು ಎಂಬ ಕ್ರಿಯಾಪದಕ್ಕೆ ಜಪಾನಿಯಲ್ಲಿ ಸಮನಾದದ್ದರ ಮೇಲೆ. ಬಿದ್ದುಬಿಟ್ಟಿತು, ಮರೆತುಬಿಟ್ಟೆ, ಹೊರಟುಬಿಟ್ಟರು. ಆಗಬಾರದಿತ್ತು, ಆದರೆ ಆಗಿಹೋಯಿತು, ಇನ್ನು ಹಿಂದಕ್ಕೆ ತರುವಂತಿಲ್ಲ ಎನ್ನುವಾಗ ನಾವು ಬಿಡು ಸೇರಿಸುತ್ತೇವೆ, ಅವರೂ ಹಾಗೇ ಒಂದು ಪದ ಸೇರಿಸುತ್ತಾರೆ ಎಂದು ವಿವರಿಸಿದರು. ಬೋರ್ಡಿನ ಮೇಲೆ ಉದಾಹರಣೆಗಳನ್ನು ಬರೆಯುತ್ತಾ ಹೋದರು. ರೈಲು ತಪ್ಪಿಬಿಟ್ಟಿತು. ಹಾಲು ಉಕ್ಕಿಬಿಟ್ಟಿತು. ಮೂರನೆಯದನ್ನು ಬರೆದು ಚಾಕ್‌ಪೀಸು ಕೆಳಗಿಟ್ಟು ನಮ್ಮ ಕಡೆ ತಿರುಗಿ ನಿಂತರು. ನಾವು ಬರೆದುಕೊಂಡೆವು, ಅರ್ಥ ಬಿಡಿಸಿದೆವು. ಕಿವಿ ಕೇಳಿಸದ ಹಾಗೆ ಆಗಿಬಿಟ್ಟಿದೆ. ಬರೆಯುತ್ತಿದ್ದ ಪೆನ್ನುಗಳು ಒಂದೊಂದಾಗಿ ನಿಂತವು.

"ಪ್ರೆಸ್ಸಿನ ಸದ್ದು," ಎಂದರು. "ಆಗ ಕಿವಿಗೆ ಹತ್ತಿ ಇಟ್ಕೊಂಡ್ರೆ ಅವ್ರು ಮಾತಾಡೋದು ಕೇಳ್ಸಲ್ಲ ಅಂತ ತೆಗೆದಿಡ್ತಿದ್ದೆ."

ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬಂದರು. ಶ್ರವಣಯಂತ್ರ ಹಾಕಿಕೊಂಡು ಕೆಲವು ದಿನ ತರಗತಿಗೆ ಬಂದರು. ಹೊಲಿಗೆ ಯಂತ್ರ, ಫ್ಯಾನು, ಬಸ್ಸಿನ ಹಾರನ್ನು, ನಮ್ಮ ಮಾತು ಎಲ್ಲವೂ ಒಂದೇ ತಗಡಿನ ಸದ್ದಾಗಿ ಕೇಳುತ್ತದೆ ಎಂದರು. ಆಮೇಲೆ ಅದು ಡಬ್ಬಿಯೊಳಗೇ ಉಳಿಯಿತು. ಕೇಳುವ ಪಾಠವನ್ನು ನಸ್ರೀನಳಿಗೆ ಒಪ್ಪಿಸಿ ತಾವು ಓದುವುದು ಬರೆಯುವುದನ್ನು ಮಾತ್ರ ಇಟ್ಟುಕೊಂಡರು. ಅವಳು ಇಸ್ತ್ರಿ ಅಂಗಡಿಯ ಸೀರಿಯಲ್ಲು ಹಾಕುವಾಗ ಹಿಂದಿನ ಬೆಂಚಿನಲ್ಲಿ ಬಂದು ಕೂರುತ್ತಿದ್ದರು. ಪ್ರತಿ ಮಾತೂ ಬಾಯಿಪಾಠವಾಗಿದ್ದುದರಿಂದ ನಾವು ನಗುವಲ್ಲೆಲ್ಲ ಸರಿಯಾಗಿ ನಗುತ್ತಿದ್ದರು. ಹೊಸದೊಂದು ಹಾಕಿದಾಗ ಮಾತ್ರ, ಸ್ವಲ್ಪ ಹೊತ್ತು ನೋಡಿ, ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಅದನ್ನು ನೋಡುವುದು ಕಷ್ಟವಾಗುತ್ತಿತ್ತು.

ನಾನು ಹೊರಟದ್ದು ಅದಾದ ಮರುವರ್ಷ. ಹೋದ ಹೊಸದರಲ್ಲಿ ದಿಕ್ಕೇ ತೋಚಲಿಲ್ಲ. ಆಶ್ರಮದ ಸಿಬ್ಬಂದಿಯ ಮಾತು ತಿಳಿಯುತ್ತಿತ್ತು, ಅಜ್ಜಿ ಅಜ್ಜಂದಿರ ಮಾತು ಒಂದಕ್ಷರ ತಿಳಿಯುತ್ತಿರಲಿಲ್ಲ. ಆ ಸೀಮೆಯ ಮಾತು, ಜೊತೆಗೆ ಹಲ್ಲಿಲ್ಲ. ಸ್ನಾನಕ್ಕೆ ಬರಲೊಲ್ಲದ ಒಬ್ಬ ಅಜ್ಜಿಗೆ ನಾನು ಕರಡಿಮರಿಯ ತಾಯಿಯ ಮಾತುಗಳನ್ನೇ ಹೇಳಿದೆ. ಅದು ಕೂಸುಗಳಿಗೆ ಹೇಳುವ ಮಾತು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಸ್ನಾನಕ್ಕೆ ಬಂದಳು. ಇದನ್ನೆಲ್ಲ ಸಾರ್‌ಗೆ ಫೋನಿನಲ್ಲಿ ಬರೆದು ಕಳಿಸಿದೆ. ನೀವು ತೋರಿಸಿದ ಯಾವ ಸಿನಿಮಾದಲ್ಲೂ ಹಲ್ಲಿಲ್ಲದವರು ಇರಲಿಲ್ಲ ಸಾರ್ ಎಂದು ಕೊನೆಗೆ ಸೇರಿಸಿದೆ. ತಮಾಷೆಗೆ ಬರೆದದ್ದು.

ಅವರು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಒಂದು ವಾರ ಸುದ್ದಿಯಿಲ್ಲ. ಆಮೇಲೆ ಒಂದು ವಿಡಿಯೊದ ಕೊಂಡಿ ಬಂತು. ಅದೇ ಸೀಮೆಯ ಮೀನುಗಾರರ ಹಳ್ಳಿಯ ಮುದುಕಿಯರು ಬಿಸಿಲಲ್ಲಿ ಕೂತು ಬಲೆ ಹೆಣೆಯುತ್ತಾ ಹರಟುವ ಹಳೆಯ ಸಾಕ್ಷ್ಯಚಿತ್ರ. ಒಂದು ಗಂಟೆಗೂ ಮೇಲೆ ಬರೀ ಮಾತು. ನನಗೆ ಬೇಕಾಗಿದ್ದುದು ಅದೇ, ಅಕ್ಷರಶಃ ಅದೇ. ದಿನಾ ಕೆಲಸಕ್ಕೆ ಹೋಗುವ ಮುಂಚೆ ಹಾಕಿ ಕೇಳಿದೆ, ನಿಧಾನಕ್ಕೆ ಅಜ್ಜಿಯರ ಮಾತು ಬಿಡಿಸಿಕೊಂಡಿತು. ನಿಮಗೆ ಕೇಳಿಸದೆ ಇದನ್ನು ಹೇಗೆ ಆರಿಸಿದಿರಿ ಎಂದು ಕೇಳಿದ್ದಕ್ಕೆ, ಬಾಯಿ ನೋಡಿ ಎಂದು ಬರೆದರು. ಹಲ್ಲಿಲ್ಲದ ಬಾಯಿಗಳು ಎಷ್ಟೋ ವಿಡಿಯೊಗಳಲ್ಲಿ ಇದ್ದವಂತೆ. ಇದರಲ್ಲಿ ಒಬ್ಬರು ಮುಗಿಸುವ ಮುಂಚೆ ಇನ್ನೊಬ್ಬರು ಬಾಯಿ ಹಾಕುತ್ತಿದ್ದರಂತೆ. ಹಾಗಿದ್ದರೆ ಅದು ನಿಜವಾದ ಹರಟೆಯೇ ಇರಬೇಕು ಎಂದುಕೊಂಡರಂತೆ.

ಅವರು ಹೋದ ಕೆಲವು ತಿಂಗಳಿಗೆ ರಜೆಯ ಮೇಲೆ ಊರಿಗೆ ಬಂದವಳು ನಸ್ರೀನಳ ಜೊತೆ ಶ್ರೀನಿವಾಸಪುರಕ್ಕೆ ಹೋದೆ. ಸಾರ್ ಅವರ ಹೆಂಡತಿಯನ್ನು ನಾವು ಅಕ್ಕ ಎನ್ನುತ್ತಿದ್ದೆವು. ಹಣೆಯಲ್ಲಿ ಕುಂಕುಮವಿರಲಿಲ್ಲ. ಅಕ್ಕನೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಪುಸ್ತಕದ ಕಪಾಟಿನ ಮುಂದೆ ಚಾಪೆ ಹಾಸಿ, ನಿಮಗೆ ಬೇಕಾದದ್ದು ತೆಗೆದುಕೊಳ್ಳಿ, ನನಗೆ ಇದರಲ್ಲಿ ತಲೆ ಯಾವುದು ಬುಡ ಯಾವುದು ತಿಳಿಯುವುದಿಲ್ಲ ಎಂದರು. ನಾವು ಹಾಗೇ ಕೂತು ಹಳೆಯದೆಲ್ಲ ಮಾತಾಡಿದೆವು. ಸಾರ್ ಹೇಳುತ್ತಿದ್ದ ಆ ಪುಸ್ತಕ ಸಿಗದೆ ಜಪಾನು ತಪ್ಪಿದ ಕಥೆಯನ್ನು ನಸ್ರೀನ್ ನೆನೆದು ನಕ್ಕಳು. ಅಕ್ಕ ನಗಲಿಲ್ಲ.

"ಆ ಪುಸ್ತಕ ಮೊದಲೇ ಸಿಕ್ಕಿತ್ತಮ್ಮ," ಎಂದರು. "ಅವ್ರು ಹೋಗ್ಬೇಕಾದ ಟೈಮಲ್ಲಿ ಮನೇಲೇ ಇತ್ತು. ದಿನಾ ಓದ್ತಿದ್ರು."

ಆಮೇಲೆ ನಿಧಾನವಾಗಿ ಹೇಳಿದರು. ಕಂಪನಿಗೆ ಉತ್ತರ ಹೇಳಬೇಕಾದ ಹಿಂದಿನ ದಿನ ಸಾರ್ ತೋಟದ ಬೇಲಿಯ ಹತ್ತಿರ ಬಹಳ ಹೊತ್ತು ಕೂತಿದ್ದರಂತೆ. ಅಕ್ಕ ಹೋಗಿ ಕೇಳಿದಾಗ, ಇಲ್ಲಿ ಅವರು ನಮ್ಮ ಊರಿಗೆ ಬಂದ ನೆಂಟರು, ನಾನು ಹೇಗೆ ಮಾತಾಡಿದರೂ ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ, ಅಲ್ಲಿ ಹೋಗಿ ನಾನು ಬಾಯಿ ಬಿಟ್ಟು, ಬೀದಿಯಲ್ಲಿ ಹೋಗುವವರಿಗೆ ಅದು ತಿಳಿಯಲಿಲ್ಲ ಅಂದರೆ, ಇಷ್ಟು ವರ್ಷ ಕಲಿತದ್ದೆಲ್ಲ ಏನಾಗಿತ್ತು ಹೇಳು ಎಂದರಂತೆ.

"ನಾನೇನ್ ಹೇಳ್ಲಿ," ಎಂದರು ಅಕ್ಕ. "ನನಗೆ ಅದ್ರಲ್ಲಿ ಒಂದಕ್ಷರ ಬರಲ್ಲ. ಹೋಗ್ಬನ್ನಿ, ಏನೂ ಆಗಲ್ಲ ಅಂತ ಗಟ್ಟಿಯಾಗಿ ಹೇಳಿದ್ರೆ ಹೋಗ್ತಿದ್ರೇನೋ. ಭಾಷೆ ವಿಷ್ಯ, ನನಗೇನ್ ಗೊತ್ತಾಗುತ್ತೆ ಅಂತ ಸುಮ್ನಾದೆ."

ನಸ್ರೀನ್ ಅವರ ಭುಜದ ಮೇಲೆ ಕೈ ಇಟ್ಟಳು. ನಾನು ಕಪಾಟಿನ ಕಡೆ ನೋಡುತ್ತಾ ಕೂತೆ. ಅಷ್ಟು ಪುಸ್ತಕಗಳಲ್ಲಿ ಯಾವುದು ಅದು ಎಂದು ಕೇಳಲು ಮನಸ್ಸಾಗಲಿಲ್ಲ.

ಆ ಮಾತು ಕೇಳಿದ ಮೇಲೆ, ಅವರನ್ನು ನಾನು ಕೊನೆಯ ಸಲ ನೋಡಿದ ದಿನ ನನಗೆ ಬೇರೆಯಾಗಿಯೇ ಕಾಣತೊಡಗಿತು. ನೋಡಿದ್ದು ಫೋನಿನಲ್ಲಿ. ಅವರು ಹೋಗುವುದಕ್ಕೆ ಒಂದೆರಡು ತಿಂಗಳ ಮುಂಚೆ ಇರಬೇಕು. ನನಗೆ ರಜೆಯ ದಿನ, ಮಧ್ಯಾಹ್ನ. ನಾನಿದ್ದ ಊರಿನ ಹಳೆಯ ಅಂಗಡಿಬೀದಿಯನ್ನು ತೋರಿಸುತ್ತೇನೆ ಎಂದು ಬರೆದು, ವಿಡಿಯೊ ಕರೆ ಮಾಡಿದೆ. ಅವರು ಶ್ರೀನಿವಾಸಪುರದ ಮನೆಯ ಜಗಲಿಯಲ್ಲಿ ಬನಿಯನ್ನು ಹಾಕಿಕೊಂಡು ಕೂತಿದ್ದರು. ಕೇಳಿಸುವುದಿಲ್ಲ ಎಂದು ಗೊತ್ತಿದ್ದುದರಿಂದ ನಾನು ಮಾತಾಡದೆ ಫೋನನ್ನು ಎದುರಿಗೆ ಹಿಡಿದುಕೊಂಡು ನಡೆದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರು ಬೋರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದರು. ಹಲ್ಲಿನ ವೈದ್ಯರು. ಅಕ್ಕಿ ಅಂಗಡಿ. ಇಲ್ಲಿ ಸೈಕಲ್ ನಿಲ್ಲಿಸಬೇಡಿ. ಕ್ಷೌರಕ್ಕೆ ಎರಡನೇ ಮಹಡಿಗೆ ಬನ್ನಿ. ಮೊದಲು ಜಪಾನಿಯಲ್ಲಿ, ಆಮೇಲೆ ನನಗಾಗಿ ಕನ್ನಡದಲ್ಲಿ. ನಾನು ಯಾವುದಾದರೂ ಬೋರ್ಡನ್ನು ಬೇಗ ದಾಟಿದರೆ, ನಿಲ್ಲಮ್ಮ, ಹಿಂದಕ್ಕೆ ಹೋಗು ಎನ್ನುವರು. ಕಿವಿ ಕೇಳದವರ ದನಿ ಜೋರು. ನನ್ನ ಕೈಯಿಂದ ಹೊರಡುತ್ತಿದ್ದ ಆ ದನಿಗೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ನನಗೆ ದನಿ ಕಡಿಮೆ ಮಾಡುವ ಮನಸ್ಸಾಗಲಿಲ್ಲ.

ಬೀದಿಯ ಕೊನೆಯಲ್ಲಿ ಸೋಯಾ ಹಾಲಿನ ಗಟ್ಟಿ, ಅಂದರೆ ಟೋಫು, ಮಾರುವ ಒಂದು ಅಂಗಡಿ. ಅರ್ಧ ಬಾಗಿಲು ಹಾಕಿತ್ತು. ಒಬ್ಬ ಮುದುಕಿ ಮುಂದಿನ ಜಾಗ ಗುಡಿಸುತ್ತಿದ್ದಳು. ಬಾಗಿಲಿಗೆ ಅಂಟಿಸಿದ ಕಾಗದವನ್ನು ಸಾರ್ ಓದಿದರು. ಇವತ್ತು ಅಂಗಡಿಗೆ ರಜೆ. ಓದಿ, ಅಯ್ಯೋ, ರಜೆಯಾ ಎಂದು ಜಪಾನಿಯಲ್ಲೇ ತಮಗೆ ತಾವೇ ಅಂದುಕೊಂಡರು, ನಮ್ಮ ಇಸ್ತ್ರಿ ಅಂಗಡಿಯ ತಂಗಿ ಅನ್ನುವಂತೆಯೇ.

ಮುದುಕಿ ಪೊರಕೆ ನಿಲ್ಲಿಸಿ ತಲೆಯೆತ್ತಿದಳು. ಹೌದು, ಬಂದಿರಿ ಪಾಪ, ನಾಳೆ ಬೆಳಿಗ್ಗೆ ತೆಗೆಯುತ್ತೇವೆ ಎಂದಳು.

ಸಾರ್‌ಗೆ ಅದು ಕೇಳಲಿಲ್ಲ. ಮುಂದಿನ ಬೋರ್ಡಿಗೆ ಹೋಗು ಎಂದು ಕೈ ಮಾಡುತ್ತಿದ್ದರು. ನಾನು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದು ಫೋನಿಗೆ ಹಿಡಿದೆ. ಅಜ್ಜಿ ನಿಮಗೆ ಉತ್ತರ ಹೇಳಿದರು, ನಾಳೆ ಬೆಳಿಗ್ಗೆ ತೆಗೆಯುತ್ತಾರಂತೆ.

ಅವರು ಅದನ್ನು ಓದಿದರು. ಮತ್ತೊಮ್ಮೆ ಓದಿದರು.

"ನಾನು ಅಂದಿದ್ದು ಅವ್ರಿಗೆ ತಿಳೀತಾ," ಎಂದು ಕೇಳಿದರು.

ನಾನು ಕ್ಯಾಮೆರಾವನ್ನು ನನ್ನ ಕಡೆಗೆ ಬದಲಿಸಿ ಹೌದೆಂದು ತಲೆಯಾಡಿಸಿದೆ. ಅವರು ಕನ್ನಡಕ ತೆಗೆದು ಬನಿಯನ್ನಿಗೆ ಒರೆಸಿ ಹಾಕಿಕೊಂಡರು. ಎದ್ದು ಒಳಗೆ ಹೋಗಿ, ಅಂಗಿ ಹಾಕಿಕೊಂಡು, ಗುಂಡಿ ಹಾಕಿಕೊಳ್ಳುತ್ತಾ ಬಂದು ಕೂತರು. ಫೋನನ್ನು ಅಜ್ಜಿಯ ಕಡೆ ತಿರುಗಿಸು ಎಂದು ಸನ್ನೆ ಮಾಡಿದರು. ಮುದುಕಿಯ ಪಕ್ಕಕ್ಕೆ ಹೋಗಿ ನಿಂತು ತಿರುಗಿಸಿದೆ. ಸಾರ್ ಬೆನ್ನು ನೆಟ್ಟಗೆ ಮಾಡಿ, ತಲೆ ಬಾಗಿಸಿ, ಒಂದೊಂದು ದೀರ್ಘವನ್ನೂ ಎಳೆದು, ಹಾಗಾದರೆ ನಾಳೆ ಬರುತ್ತೇನೆ ಎಂದರು. ತೀರ ಮರ್ಯಾದೆಯ ಮಾತು, ಸೀರಿಯಲ್ಲಿನ ಅಕ್ಕ ಪರದೆಯ ಹೊರಗೆ ಅಂಗಡಿಗೆ ಬಂದವರ ಹತ್ತಿರ ಆಡುವಂಥದ್ದು.

ಮುದುಕಿ ಪೊರಕೆಯನ್ನು ಗೋಡೆಗೆ ಒರಗಿಸಿ, ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿ, ಕಾಯುತ್ತಿರುತ್ತೇನೆ ಎಂದಳು.

ನಾನು ಮತ್ತೆ ಅಂಗೈ ಮೇಲೆ ಬರೆಯಲು ಹೋದೆ. ಸಾರ್ ಬೇಡ ಎಂದು ಕೈ ಎತ್ತಿದರು. ಅವರ ಕಣ್ಣು ಇನ್ನೂ ಮುದುಕಿಯ ಬಾಯಿಯ ಮೇಲೇ ಇತ್ತು.

"ಕಾಯ್ತಾ ಇರ್ತೀನಿ ಅಂದ್ರು," ಎಂದರು. "ಅಲ್ವೇನಮ್ಮಾ?"

ಹೌದು ಸಾರ್ ಎಂದೆ.